ದೂರುಗಳು: ಇಲ್ಲ

ಟಿ.ವಿ. ಕೇಂದ್ರದಲ್ಲಿ ಮೂವತ್ತೊಂದು ವರ್ಷ ಟ್ರಾನ್ಸ್‌ಮಿಟರ್ ನೋಡಿಕೊಂಡ ನಮ್ಮ ಭಾವ, "ನಾನು ಸ್ವಿಚ್ ಆರಿಸಿದ್ರೆ ಊರಿಗೆ ಊರೇ ಕುರುಡು" ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದರು. ಡಿಜಿಟಲ್ ಪ್ರಸಾರ ಶುರುವಾದರೂ ಅದರ ಬಾಕ್ಸನ್ನು ಮನೆಯೊಳಗೆ ಬಿಟ್ಟವರಲ್ಲ. ಅವರ ಮನೆಯಲ್ಲಿ ಅವರ ಸಿಗ್ನಲ್ಲೇ ಬರಬೇಕು.

ಕೊನೆಗೆ ಹಳೆಯ ಅನಲಾಗ್ ಪ್ರಸಾರ ನಿಲ್ಲಿಸಲು ಆದೇಶ ಬಂತು. ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಭಾವ ಇಸ್ತ್ರಿ ಅಂಗಿ ತೊಟ್ಟು ಸ್ವಿಚ್ ಆರಿಸಿದರು. ಊರು ಬೈಯುವುದನ್ನು ಬರೆದುಕೊಳ್ಳಲು ದೂರಿನ ಪುಸ್ತಕ ತೆರೆದು ಫೋನಿನ ಮುಂದೆ ಕೂತರು. ಒಂದಾಯಿತು, ಎರಡಾಯಿತು. ಫೋನು ಕೆಟ್ಟಿದೆಯೇನೋ ಎಂದು ಎತ್ತಿ ನೋಡಿದರು, ಸರಿಯಾಗೇ ಇತ್ತು. ತಾವೇ ಮನೆಗೆ ಫೋನ್ ಮಾಡಿದರು.

"ಏನೇ, ಟಿ.ವಿ. ಹೋಯ್ತಾ?"

"ಇಲ್ವಲ್ರೀ, ನಾನೂ ಅತ್ತೆನೂ ಧಾರಾವಾಹಿ ನೋಡ್ತಿದೀವಿ," ಎಂದಳು ಅಕ್ಕ.

"ಹೆಂಗೇ ಬರುತ್ತೆ? ಆರಿಸಿದೀನಲ್ಲ!"

ಅಕ್ಕ ತಡವರಿಸಿದಳು. "ಬೇಜಾರು ಮಾಡ್ಕೋಬೇಡಿ ಕಣ್ರೀ. ಬಾಕ್ಸ್ ತಂದು ಎರಡು ವರ್ಷ ಆಯ್ತು. ನೀವು ಬರೋ ಹೊತ್ತಿಗೆ ಬೀರು ಒಳಗೆ ಇಟ್ಬಿಡ್ತಿದ್ವಿ."

ಭಾವ ಫೋನ್ ಇಟ್ಟು, ಪುಸ್ತಕದಲ್ಲಿ ಅಂದಿನ ದೂರುಗಳ ಮುಂದೆ 'ಇಲ್ಲ' ಎಂದು ಬರೆದರು. ಆಮೇಲೆ ಹಿಂದಿನ ಪುಟಗಳನ್ನು ತಿರುವಿದರು. ಎರಡು ವರ್ಷದಿಂದ ದಿನವೂ 'ಇಲ್ಲ' ಎಂದೇ ಇತ್ತು. ಇಷ್ಟು ದಿನ ಅದನ್ನು ಅವರು ಹೊಗಳಿಕೆ ಎಂದುಕೊಂಡಿದ್ದರು.