ಅಳಿಯನ ಮಾನ, ಲಿಫ್ಟರನ ಪಾಳಿ

ವಾಲಿಬಾಲ್ ತಂಡ ಕಟ್ಟುವಾಗ ಲಿಫ್ಟರನನ್ನು ಯಾವಾಗ ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು. ಅಳಿಯಂದಿರು, ಬೀಗರು, ವಯಸ್ಸಾದವರು, ಎತ್ತರದವರು, ದೂರದಿಂದ ಎತ್ತರ ಕಾಣುವವರು, ಇವರೆಲ್ಲ ಮುಗಿದ ಮೇಲೆ. ಆಮೇಲೂ ಜಾಗ ಉಳಿದಿದ್ದರೆ ಲಿಫ್ಟರ್. ಇದನ್ನು ಕಂಡುಹಿಡಿದವನು ನಮ್ಮ ದೊಡ್ಡಪ್ಪ. ಈ ಶೋಧನೆಯ ಬಲದಿಂದ ಅವನು ವರ್ಷವರ್ಷವೂ ತಪ್ಪದೆ ಸೋಲುತ್ತಿದ್ದ.

ಆಟ ತಿಳಿಯದವರಿಗಾಗಿ ಹೇಳಿಬಿಡುತ್ತೇನೆ. ಆಚೆಯಿಂದ ಬಂದ ಚೆಂಡನ್ನು ಒಬ್ಬ ತಡೆಯುತ್ತಾನೆ. ಇನ್ನೊಬ್ಬ ಅದನ್ನು ನೆಟ್ಟಿನ ಪಕ್ಕದಲ್ಲಿ ಹದವಾಗಿ ಮೇಲಕ್ಕೆ ಎತ್ತಿಕೊಡುತ್ತಾನೆ. ಮೂರನೆಯವನು ಹಾರಿ ಬಾರಿಸುತ್ತಾನೆ. ಬಾರಿಸಿದವನಿಗೆ ಸಿಳ್ಳೆ, ಚಪ್ಪಾಳೆ, ಚಹಾ. ನಡುವೆ ಎತ್ತಿಕೊಟ್ಟವನೇ ಲಿಫ್ಟರ್, ಅಂದರೆ ನಾನು. ನಮ್ಮೂರ ಸೀರೆಯಲ್ಲಿ ಸೆರಗಿನ ಎಳೆಗೆ ಒಡಲಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಕೊಂಡಿ ನೆಟ್ಟಗಿದ್ದರೆ ಅದು ಅಲ್ಲಿ ಇದೆಯೆಂದು ಉಟ್ಟವಳಿಗೂ ಗೊತ್ತಾಗುವುದಿಲ್ಲ. ತಪ್ಪಿದರೆ ಮಾತ್ರ ಹತ್ತು ಮಂದಿ ನೇಕಾರನ ಮನೆ ಹುಡುಕಿಕೊಂಡು ಬರುತ್ತಾರೆ. ಲಿಫ್ಟರನ ಪಾಡೂ ಅಷ್ಟೇ.

ತೊಂಬತ್ತರ ದಶಕದ ಕೊನೆಯ ಮಾತಿದು. ನಾಗರಪಂಚಮಿಗೆ ನಮ್ಮ ಓಣಿಯ ಕುಣಿಮಗ್ಗಗಳೂ ಹಿಂದಿನ ಓಣಿಯ ಪವರ್‌ಲೂಮುಗಳೂ ಒಟ್ಟಿಗೆ ಬಾಯಿ ಮುಚ್ಚುತ್ತಿದ್ದವು. ವರ್ಷಕ್ಕೊಮ್ಮೆ ಕಿವಿಗೆ ಸಿಗುವ ಆ ನೆಮ್ಮದಿಯನ್ನು ಕೆಡಿಸಲೆಂದೇ ಹಬ್ಬದ ಮರುದಿನ ಶಾಲೆಯ ಬಯಲಿನಲ್ಲಿ ಎರಡೂ ಓಣಿಯವರು ವಾಲಿಬಾಲ್ ಇಟ್ಟುಕೊಳ್ಳುತ್ತಿದ್ದರು. ಓಣಿ ವಿರುದ್ಧ ಓಣಿ ಆಡಿದರೆ ಹೊಡೆದಾಟವಾಗುತ್ತದೆಂದು ಹಿರಿಯರು ಒಂದು ನಿಯಮ ಮಾಡಿದ್ದರು. ಆಡುವವರೆಲ್ಲ ಕಂಪೌಂಡಿನ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಲ್ಲಬೇಕು. ಇಬ್ಬರು ನಾಯಕರು ಪಾಳಿಯ ಮೇಲೆ ಒಬ್ಬೊಬ್ಬರನ್ನೇ ಕರೆದುಕೊಳ್ಳಬೇಕು. ಹೋದ ವರ್ಷ ಸೋತವನಿಗೆ ಮೊದಲ ಕರೆ. ನಮ್ಮ ಕಡೆಯ ನಾಯಕ ದೊಡ್ಡಪ್ಪ. ಆ ಕಡೆಯವನು ಪವರ್‌ಲೂಮುಗಳ ಸಾವುಕಾರ. ಸೋತವನಿಗೆ ಮೊದಲ ಕರೆ ಎಂದಮೇಲೆ ಅದು ದೊಡ್ಡಪ್ಪನಿಗೆ ಪಿತ್ರಾರ್ಜಿತ ಆಸ್ತಿಯ ಹಾಗೆ ಬಂದುಬಿಟ್ಟಿತ್ತು.

ಅದನ್ನು ಅವನು ಏನು ಮಾಡುತ್ತಿದ್ದ? ಅಳಿಯನಿಗೆ ಕೊಡುತ್ತಿದ್ದ. ಪಂಚಮಿಗೆ ಮಗಳು ತವರಿಗೆ ಬರುತ್ತಿದ್ದಳು, ಅವಳನ್ನು ಕರೆದೊಯ್ಯಲು ಬಾಗಲಕೋಟೆಯಿಂದ ಅಳಿಯ ಬರುತ್ತಿದ್ದ. ಹಳೆ ಊರಿನ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಗಿ ಹೊಸ ಸೆಕ್ಟರಿನಲ್ಲಿ ಮನೆ ಕಟ್ಟಿಸಿದ್ದವನು, ಕಚೇರಿಯಲ್ಲಿ ಗುಮಾಸ್ತ, ಸಾಧು ಮನುಷ್ಯ. ಚೆಂಡು ತನ್ನ ಕಡೆ ಬಂದರೆ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಡುವಷ್ಟು ಸಾಧು. ಆದರೆ ಮನೆಗೆ ಬಂದ ಅಳಿಯನಿಗೆ ಮೊದಲ ಎಡೆ, ಮೊದಲ ವೀಳ್ಯ, ಮೊದಲ ಬಿಸಿನೀರು ಎಂದ ಮೇಲೆ ಆಟದಲ್ಲಿ ಮಾತ್ರ ಎರಡನೆಯ ಕರೆ ಕೊಡುವುದು ಹೇಗೆ? ಸಾಲಿನಲ್ಲಿ ನಿಂತ ಅವನು ನೆಲ ನೋಡುತ್ತ, “ಮಾವಾರ, ನನ್ನ ಬಿಟ್ಟಬಿಡ್ರಿ, ನಾ ಕುರ್ಚಿ ಮ್ಯಾಲ ಕುಂತು ನೋಡ್ತೇನಿ” ಎನ್ನುತ್ತಿದ್ದ. ದೊಡ್ಡಪ್ಪ ಅದನ್ನು ಸಂಕೋಚ ಎಂದು ತಿಳಿದು ಇನ್ನಷ್ಟು ಜೋರಾಗಿ ಕರೆಯುತ್ತಿದ್ದ.

ಅಳಿಯನ ನಂತರ ದೊಡ್ಡಮ್ಮನ ಅಣ್ಣ, ಆಮೇಲೆ ಮುಂದಿನ ಮನೆಯ ಹಿರಿಯ. ಇತ್ತ ವೀಳ್ಯ ಹಂಚುವ ಕ್ರಮದಲ್ಲಿ ತಂಡ ತಯಾರಾಗುತ್ತಿದ್ದರೆ ಅತ್ತ ಸಾವುಕಾರ ಸ್ಮ್ಯಾಶ್ ಹೊಡೆಯುವ ಗಟ್ಟಿ ಆಳುಗಳನ್ನು ಒಬ್ಬೊಬ್ಬರಾಗಿ ಎಳೆದುಕೊಳ್ಳುತ್ತಿದ್ದ. ನನ್ನನ್ನು ದೊಡ್ಡಪ್ಪ ಎಲ್ಲರಿಗಿಂತ ಕೊನೆಗೆ ಕರೆಯುತ್ತಿದ್ದ. ಕರೆಯುತ್ತಿದ್ದ ಎಂಬುದೂ ದೊಡ್ಡ ಮಾತೇ. ಕೊರಳಿನಿಂದ “ಹೂಂ, ಬಾ” ಎಂಬಂಥ ಒಂದು ಸದ್ದು ಹೊರಡುತ್ತಿತ್ತು. ಸಾವುಕಾರನೂ ನನ್ನ ತಂಟೆಗೆ ಬರುತ್ತಿರಲಿಲ್ಲ. ಎದುರು ನಾಯಕನ ಮನೆಯ ಹುಡುಗನನ್ನು ಅವನ ಕಣ್ಣೆದುರೇ ಕರೆದುಕೊಳ್ಳುವುದು ಸಭ್ಯತೆಯಲ್ಲ ಎಂದು ಎರಡೂ ಓಣಿಯಲ್ಲಿ ಒಂದು ತಿಳುವಳಿಕೆ ಇತ್ತು.

ನನ್ನಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡ. ನನ್ನನ್ನು ಸಾಕಿದ್ದು, ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂರುವುದನ್ನು ಕಲಿಸಿದ್ದು ದೊಡ್ಡಪ್ಪ. ಭೇಷ್ ಎಂಬ ಪದ ಅವನ ನಾಲಿಗೆಗೆ ಗೊತ್ತಿರಲಿಲ್ಲ. ನೇಯ್ದ ಸೀರೆಯನ್ನು ತೋರಿಸಿದರೆ ಮೂಗಿಗೆ ಹತ್ತಿರ ಹಿಡಿದು ನೋಡಿ ಮಡಚಿಡುತ್ತಿದ್ದ, ಅಷ್ಟೇ. ನನಗೆ ಒಂದೇ ಆಸೆಯಿತ್ತು. ಒಂದು ಪಂಚಮಿಗಾದರೂ, ಎರಡೂ ಓಣಿಯ ಮಂದಿ ನಿಂತು ನೋಡುತ್ತಿರುವಾಗ, ಅವನು ನನ್ನನ್ನು ಎಲ್ಲರಿಗಿಂತ ಮೊದಲು ಕರೆಯಬೇಕು. ಈಗ ಹೇಳಿದರೆ ನಗು ಬರಬಹುದು. ಆಗ ನಗು ಬರುತ್ತಿರಲಿಲ್ಲ.

ಆಸೆಯನ್ನು ಆಸೆ ಎಂದು ಹೇಳಲು ನಾಚಿಕೆ. ಆದ್ದರಿಂದ ಅದನ್ನು ಸಿದ್ಧಾಂತ ಮಾಡಿಕೊಂಡೆ. ಒಮ್ಮೆ ಹುನಗುಂದದಲ್ಲಿ ಟೂರ್ನಮೆಂಟ್ ನೋಡಲು ಹೋಗಿದ್ದೆವು. ಬಾದಾಮಿ ಕಡೆಯ ಒಂದು ತಂಡಕ್ಕೆ ಲಿಫ್ಟರನೇ ನಾಯಕ. ಗಿಡ್ಡ ಮನುಷ್ಯ, ಹೊಟ್ಟೆ ಬೇರೆ ಬಂದಿತ್ತು, ಆದರೆ ಅವನು ಎತ್ತಿಕೊಟ್ಟ ಚೆಂಡನ್ನು ಯಾರು ಹೊಡೆದರೂ ನೆಲ ಕಚ್ಚುತ್ತಿತ್ತು. ತಂಡ ಗೆದ್ದಿತು. ವಾಪಸು ಬರುವಾಗ ಬಸ್ಸಿನಲ್ಲಿ ಇಳಕಲ್ ಬರುವತನಕ ದೊಡ್ಡಪ್ಪನಿಗೆ ವಿವರಿಸಿದೆ. ಹೊಡೆಯುವವರು ಎಲ್ಲಿ ಬೇಕಾದರೂ ಸಿಗುತ್ತಾರೆ, ಎತ್ತಿಕೊಡುವವನು ಸಿಗುವುದಿಲ್ಲ, ಮೊದಲ ಕರೆ ಲಿಫ್ಟರನಿಗೇ ಹೋಗಬೇಕು ಎಂದೆ. ಅವನು ಕಿಟಕಿಯ ಹೊರಗೆ ನೋಡುತ್ತ ಎಲ್ಲ ಕೇಳಿಸಿಕೊಂಡ. ಬಸ್ಸು ಇಳಿಯುವಾಗ ಒಂದೇ ಮಾತು ಕೇಳಿದ.

“ಯಾಕೋ, ಬದಾಮಿ ಕಡಿ ಮಂದಿಗೆ ಅಳಿಯಂದಿರು ಇಲ್ಲೇನು?”

ನಾನು ನನ್ನ ಸಿದ್ಧಾಂತವನ್ನು ಹೊತ್ತುಕೊಂಡು ಅವನ ಹಿಂದೆ ಬಸ್ಸು ಇಳಿದೆ.

ಆ ವರ್ಷ ಒಂದು ಅನಾಹುತವಾಯಿತು. ನಾವು ಗೆದ್ದುಬಿಟ್ಟೆವು. ಹಬ್ಬದ ದಿನ ನಾದಿನಿಯರೆಲ್ಲ ಸೇರಿ ಅಳಿಯನನ್ನು ಜೋಕಾಲಿಯಲ್ಲಿ ಕೂರಿಸಿ ಬೇವಿನ ಮರದ ತುದಿ ಕಾಣುವಂತೆ ಜೀಕಿದ್ದರು. ಇಳಿಯುವಾಗ ಅವನ ಕಾಲು ಉಳುಕಿತು. ಮರುದಿನ ದೊಡ್ಡಪ್ಪ ಪದ್ಧತಿಯಂತೆ ಅವನನ್ನೇ ಮೊದಲು ಕರೆದು, ಕುರ್ಚಿ ಹಾಕಿಸಿ, ಜಿಟಿಜಿಟಿ ಮಳೆಗೆ ಛತ್ರಿ ಕೊಟ್ಟು ಕೂರಿಸಿದ. ಬದಲಿಗೆ ಸಾಲಿನಲ್ಲಿ ಉಳಿದಿದ್ದ ಒಬ್ಬ ಒಳ್ಳೆಯ ಹೊಡೆತಗಾರ ಒಳಗೆ ಬಂದ. ನಾನು ಎತ್ತಿದೆ, ಅವನು ಬಾರಿಸಿದ, ಆಟ ಮುಗಿಯಿತು. ಗೆಲುವಿನ ಕಾರಣವನ್ನು ದೊಡ್ಡಪ್ಪ ಓಣಿಗೆಲ್ಲ ಹೇಳಿಕೊಂಡು ಬಂದ. “ಅಳಿಯಾರ ಕಾಲ್ಗುಣ,” ಎಂದ. ಉಳುಕಿದ ಕಾಲಿಗೂ ಗುಣವಿರುತ್ತದೆಂದು ಅವತ್ತು ತಿಳಿಯಿತು.

ಗೆದ್ದದ್ದರಿಂದ ಮುಂದಿನ ಪಂಚಮಿಗೆ ಮೊದಲ ಕರೆ ಸಾವುಕಾರನ ಪಾಲಾಯಿತು. ಸಾಲಿನಲ್ಲಿ ನಾನು ಎಂದಿನಂತೆ ಕಡೆಗೆ ನಿಂತಿದ್ದೆ. ಸಾವುಕಾರ ಗಂಟಲು ಸರಿಮಾಡಿಕೊಂಡು ನನ್ನ ಕಡೆ ಬೆರಳು ಮಾಡಿದ. “ಬಾರಪಾ ತಮ್ಮಾ, ಈ ಕಡಿ ಬಾ.”

ಎಲ್ಲರೂ ಮೊದಲು ನನ್ನನ್ನು, ಆಮೇಲೆ ದೊಡ್ಡಪ್ಪನನ್ನು ನೋಡಿದರು. ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು, ಕೊಡವಿ, ಮತ್ತೆ ಹಾಕಿಕೊಂಡ. ಅಂತೂ ಈ ಊರಿನಲ್ಲಿ ಆಟ ಬಲ್ಲವನೊಬ್ಬ ಹುಟ್ಟಿದನಲ್ಲ ಎಂದುಕೊಂಡು ನಾನು ಎದೆಯುಬ್ಬಿಸಿ ಆ ಕಡೆ ನಡೆದೆ. ಸಾವುಕಾರ ಬೆನ್ನ ಮೇಲೆ ಕೈಯಿಟ್ಟು ವಿಚಾರಿಸಿದ. “ದಿನಾ ಎಷ್ಟೊತ್ತಿಗೆ ಏಳ್ತಿ? ಗುಟ್ಕಾ ಗಿಟ್ಕಾ ಚಟ ಏನರ ಐತೇನು? ಕಣ್ಣು ಸ್ವಚ್ಛ ಕಾಣ್ತಾವಿಲ್ಲೋ?” ಎಂಥ ಶಿಸ್ತಿನ ನಾಯಕ ಎಂದು ಬೆರಗಾದೆ. ನಮ್ಮ ದೊಡ್ಡಪ್ಪ ಯಾವತ್ತಾದರೂ ಆಟಗಾರನ ಕಣ್ಣಿನ ಬಗ್ಗೆ ಕೇಳಿದ್ದನೇ?

ಆ ವರ್ಷ ಬಯಲಿಗೆ ಅಂಟಿದ ಮಾಳಿಗೆಗಳ ಮೇಲೆ ಹೆಂಗಸರ ಗುಂಪೂ ಹೆಚ್ಚಿತ್ತು. ನನ್ನ ಲಿಫ್ಟಿಂಗಿನ ಸುದ್ದಿ ಇಷ್ಟು ದೂರ ಹಬ್ಬಿದೆಯಲ್ಲ ಎಂದು ಹಿಗ್ಗಿದೆ. ದೊಡ್ಡಪ್ಪನ ತಂಡವನ್ನು ಚಿಂದಿ ಮಾಡಿದೆವು. ಸಾವುಕಾರ ನನ್ನೊಬ್ಬನನ್ನೇ ಮನೆಗೆ ಕರೆದೊಯ್ದ. ಶೇಂಗಾ ಉಂಡಿ, ಅಳ್ಳಿಟ್ಟು, ಚಹಾ ಬಂದವು. ತಟ್ಟೆ ತಂದದ್ದು ಯಾರೆಂದು ನಾನು ನೋಡಲಿಲ್ಲ. ಒಂದು ಉಂಡಿಯನ್ನು ಎರಡೂ ಕೈಯ ಬೆರಳ ತುದಿಯಲ್ಲಿ ಹಿಡಿದು, ಚೆಂಡು ಅಂಗೈಗೆ ತಾಗಬಾರದು, ಬೆರಳಿನಲ್ಲೇ ಬಂದು ಬೆರಳಿನಲ್ಲೇ ಹೋಗಬೇಕು ಎಂದು ಸಾವುಕಾರನಿಗೆ ತಿಳಿಸಿಕೊಡುವುದರಲ್ಲಿ ಮುಳುಗಿದ್ದೆ. ಅವನು ತಲೆಯಾಡಿಸಿ, “ಹೌದ್ಹೌದು, ಭಾಳ ಚಲೋ” ಎನ್ನುತ್ತಿದ್ದ. ನನ್ನ ಜೀವಮಾನದಲ್ಲೇ ಅಷ್ಟು ಗಮನವಿಟ್ಟು ನನ್ನ ಮಾತು ಕೇಳಿದವರು ಇನ್ನೊಬ್ಬರಿಲ್ಲ.

ಮರುವಾರ ಅವರ ಕಡೆಯಿಂದ ಹಿರಿಯರು ನಮ್ಮ ಮನೆಗೆ ಬಂದು ನಂಟಸ್ತನದ ಮಾತೆತ್ತಿದರು. ಚಲೋ ಲಿಫ್ಟರನಿಗೆ ಜಗತ್ತು ಹೇಗೆ ತಾನಾಗಿ ಬಾಗಿಲು ತೆರೆಯುತ್ತದೆ ನೋಡಿ ಎಂದುಕೊಂಡೆ. ಬೇಸಿಗೆಯಲ್ಲಿ ಮದುವೆಯಾಯಿತು.

ಮದುವೆಯ ನಂತರ ಮೊದಲ ಪಂಚಮಿ ಬಂತು. ಹಬ್ಬದ ದಿನ ತವರಿಗೆ ಹೊರಡುವ ಮೊದಲು ಹೆಂಡತಿ ಒಳಗೆ ಉಂಡಿ ಕಟ್ಟುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಕಟ್ಟಿದ್ದನ್ನು ಖಾಲಿ ಮಾಡುತ್ತಿದ್ದೆ. ನಿನ್ನಪ್ಪನಂಥ ಆಟದ ಜಾಣ ಈ ತಾಲ್ಲೂಕಿನಲ್ಲೇ ಇಲ್ಲ, ಲಿಫ್ಟರನನ್ನು ಮೊದಲು ಕರೆಯಬೇಕೆಂದು ಅವರೊಬ್ಬರಿಗೇ ಹೊಳೆಯಿತು ಎಂದೆ. ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

“ನಮ್ಮಪ್ಪಗ ಲಿಫ್ಟರ್ ಅಂದ್ರ ಯಾರಂತ ಗೊತ್ತಿಲ್ರಿ. ಯಾರನ್ನ ಕರೀಬೇಕಂತ ಕಾರಖಾನಿ ಮಂದಿ ಕಿವ್ಯಾಗ ಹೇಳ್ತಿದ್ರು. ಆ ವರ್ಷ ಮಾತ್ರ ತಾನ ಕರದ. ಅಳಿಯ ಆಗಾಂವನ್ನ ಮೊದಲ ಕರೀಬೇಕಲ್ಲ.”

“ಮಂದಿಗೆ ಗೊತ್ತಿತ್ತೇನು?”

“ಎಲ್ಲಾರಿಗೂ ಗೊತ್ತಿತ್ತು. ಮಾಳಗಿ ಮ್ಯಾಲ ಅಷ್ಟು ಮಂದಿ ಮತ್ಯಾಕ ನಿಂತಿದ್ರು? ನಾ ಉಂಡಿ ತಂದು ನಿಮ್ಮ ಮುಂದ ನಿಂತೆ. ನೀವು ನನ್ನ ನೋಡಲಿಲ್ಲ, ಉಂಡಿ ನೋಡಿದ್ರಿ.”

ಬಾಯಿಗೆ ಹೊರಟಿದ್ದ ಉಂಡಿಯನ್ನು ತಟ್ಟೆಗೆ ಇಟ್ಟುಬಿಟ್ಟೆ. ಒಂದಿಡೀ ವರ್ಷ ನಾನು ಊರಿನ ಮೊದಲ ಲಿಫ್ಟರ್ ಎಂದುಕೊಂಡು ತಿರುಗಿದ್ದೆ, ಊರು ನನ್ನನ್ನು ಗೊತ್ತುಮಾಡಿದ ವರ ಎಂದು ನೋಡಿ ನಕ್ಕಿತ್ತು. ಬಹಳ ಕೆಟ್ಟದೆನಿಸಿತು. ಮರುದಿನ ಆಟಕ್ಕೆ ಹೋಗುವುದೇ ಬೇಡ ಎಂದುಕೊಂಡೆ. ಆದರೆ ಹೊಸ ಅಳಿಯ ಬರದಿದ್ದರೆ ಅದಕ್ಕೂ ಊರು ಒಂದು ಅರ್ಥ ಹಚ್ಚುತ್ತದೆಂದು ಹೋದೆ.

ಹಿಂದಿನ ವರ್ಷ ಸೋತಿದ್ದರಿಂದ ಮೊದಲ ಕರೆ ಮತ್ತೆ ದೊಡ್ಡಪ್ಪನದು. ಈ ಸಲ ಲೆಕ್ಕ ಸರಳವಿತ್ತು. ದೊಡ್ಡಪ್ಪ ತನ್ನ ಅಳಿಯನನ್ನು ಕರೆಯುತ್ತಾನೆ, ಸಾವುಕಾರ ತನ್ನ ಅಳಿಯನಾದ ನನ್ನನ್ನು ಕರೆಯುತ್ತಾನೆ, ಇಬ್ಬರ ಮಾನವೂ ಉಳಿಯುತ್ತದೆ. ಬಾಗಲಕೋಟೆಯ ಅಳಿಯ ನಿಟ್ಟುಸಿರು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೂ ಬಿಟ್ಟಿದ್ದ. ದೊಡ್ಡಪ್ಪ ಅವನನ್ನು ದಾಟಿ ಸಾಲಿನ ಕೊನೆಗೆ ನೋಡಿದ.

“ನಮ್ಮ ಹುಡುಗ. ಬಾರೋ.”

ಯಾರಿಗೂ ನಂಬಿಕೆಯಾಗಲಿಲ್ಲ, ನನಗೂ. ನನ್ನ ಪಕ್ಕದವನು ತಿವಿದ ಮೇಲೆ ನಡೆದೆ. ದೊಡ್ಡಮ್ಮನ ಅಣ್ಣ, “ಭಾವಾ, ಅಳಿಯಾರ ಇಲ್ಲೇ ನಿಂತಾರ,” ಎಂದು ನೆನಪಿಸಿದ. ದೊಡ್ಡಪ್ಪ, “ಕಂಡಾರ,” ಎಂದ. ಸಾವುಕಾರನ ಮುಖ ಕೆಂಪಾಯಿತು. ಆದರೂ ಊರಿನ ಮರ್ಯಾದೆ ಕಾಯಬೇಕಲ್ಲ! ಪರವೂರಿನಿಂದ ಬಂದ ಅಳಿಯ ಬಯಲಿನ ನಡುವೆ ಹಾಗೆ ನಿಂತಿರುವುದು ಚೆನ್ನಲ್ಲವೆಂದು ತನ್ನ ಮೊದಲ ಕರೆಯನ್ನು ಅವನಿಗೇ ಕೊಟ್ಟ. ಈ ಒಂದು ವರ್ಷವಾದರೂ ತಪ್ಪಿಸಿಕೊಂಡೆನೆಂದು ಹಿಗ್ಗಿದ್ದ ಆ ಸಾಧುಪ್ರಾಣಿ ಈಗ ಶತ್ರುಪಾಳೆಯಕ್ಕೆ ನಡೆದ.

ಲಿಫ್ಟರನನ್ನು ಮೊದಲು ಕರೆದರೆ ತಂಡ ಗೆಲ್ಲುತ್ತದೆ ಎಂಬ ನನ್ನ ಸಿದ್ಧಾಂತಕ್ಕೆ ಅಂತೂ ಪರೀಕ್ಷೆಯ ದಿನ ಬಂತು. ದೊಡ್ಡಪ್ಪನ ಎರಡನೆಯ ಕರೆ ದೊಡ್ಡಮ್ಮನ ಅಣ್ಣನಿಗೆ ಹೋಯಿತು. ಮೂರನೆಯದು ಮುಂದಿನ ಮನೆಯ ಹಿರಿಯನಿಗೆ. ಹೊಡೆಯುವವರೆಲ್ಲ ಆ ಕಡೆ ಸೇರಿದರು. ನಾನು ಆ ದಿನ ಎತ್ತಿದಷ್ಟು ಚೆನ್ನಾಗಿ ಎಂದೂ ಎತ್ತಿರಲಿಲ್ಲ. ಚೆಂಡು ನೆಟ್ಟಿನ ಮೇಲೆ ಹದವಾಗಿ ಏರಿ, ಯಾರಾದರೂ ಬನ್ನಿ ಎಂಬಂತೆ ಕಾದು, ಯಾರೂ ಬಾರದೆ ನಮ್ಮ ಕಡೆಯೇ ಇಳಿಯುತ್ತಿತ್ತು. ಕೊನೆಯ ಪಾಯಿಂಟನ್ನು ಬಾಗಲಕೋಟೆಯ ಅಳಿಯನೇ ಗಳಿಸಿದ. ದಾರಿ ಬಿಡಲು ಹೋಗಿ ತಪ್ಪಾದ ಕಡೆಗೆ ಸರಿದ, ಚೆಂಡು ಅವನ ತಲೆಗೆ ಬಡಿದು ನಮ್ಮ ಅಂಗಳಕ್ಕೆ ಬಿತ್ತು. ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಮನೆಯಲ್ಲಿ ದೊಡ್ಡಮ್ಮ ಬಾಗಿಲಿಗೇ ಬಂದು ನಿಂತಿದ್ದಳು. ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು. “ಅಳಿಯನ್ನ ಕರೀದ ಇವನ್ನ ಕರದ್ರಂತ, ಊರಾಗ ತಲಿ ಎತ್ತಿ ತಿರಗೂದು ಹ್ಯಾಂಗ,” ಎಂದು ಶುರು ಮಾಡಿದಳು. ದೊಡ್ಡಪ್ಪ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕಾಲಿಟ್ಟು ನಿಂತ. ನಾನು ತಂಬಿಗೆಯಲ್ಲಿ ನೀರು ತೆಗೆದುಕೊಂಡು ಹೋದೆ. ಸೋತಿದ್ದರೂ ನನ್ನೊಳಗೆ ಹಬ್ಬ ನಡೆದಿತ್ತು.

“ಕಡೀಕೂ ನಿನಗ ತಿಳೀತಲ್ಲ ದೊಡ್ಡಪ್ಪಾ, ಲಿಫ್ಟರನ್ನ ಮೊದಲ ಕರೀಬೇಕಂತ.”

ಅವನು ಕಾಲು ಮುಂದೆ ಮಾಡಿದ. “ಲಿಫ್ಟರ್ ಗಿಫ್ಟರ್ ನನಗೇನ್ ತಿಳೀತೈತೋ. ವರ್ಷಾ ನಿನ್ನ ಕಡೀಕ ಕರೀತಿದ್ದೆ. ನಮ್ಮಾಂವ, ಎಲ್ಲಿ ಹೋಗ್ತಾನ ಅಂತಿದ್ದೆ. ಹ್ವಾದ ವರ್ಷ ಅವರು ಕರದ್ರು, ನೀ ಎದಿ ಉಬ್ಬಿಸಿಕೊಂಡು ಹ್ವಾದಿ, ತಿರುಗಿ ಸೈತ ನೋಡಲಿಲ್ಲ. ಆಟ ಮುಗಿಯೂತನಾ ನನಗ ಚೆಂಡು ಕಾಣಲಿಲ್ಲ. ಈ ಸಲಾನೂ ನಿನ್ನ ಆ ಕಡಿ ನೋಡೂದು ನನ್ನ ಕೈಲೆ ಆಗತಿದ್ದಿಲ್ಲ.”

ಅಲ್ಲಿಗೆ ನನ್ನ ಸಿದ್ಧಾಂತ ಮುಗಿಯಿತು. ನನ್ನನ್ನು ಜೀವನದಲ್ಲಿ ಎರಡು ಸಲ ಎಲ್ಲರಿಗಿಂತ ಮೊದಲು ಕರೆದರು, ಎರಡು ಸಲವೂ ನನ್ನ ಆಟಕ್ಕಾಗಿ ಅಲ್ಲ. ಮೊದಲನೆಯದು ಗೊತ್ತಾದಾಗ ಅವಮಾನವಾಗಿತ್ತು. ಎರಡನೆಯದು ಗೊತ್ತಾದಾಗ ಬಗ್ಗಿ ಅವನ ಕಾಲಿಗೆ ನೀರು ಹಾಕಿದೆ, ಕೆಸರು ಹೋದಮೇಲೂ ಹಾಕುತ್ತಲೇ ಇದ್ದೆ. ಅವನು, “ಸಾಕೋ, ನೀರು ಖಾಲಿ ಮಾಡ್ತಿಯೇನು?” ಎಂದ.