ಅಕ್ಕನ ಒಪ್ಪಿಗೆ

ಪಕ್ಕದ ಮನೆಯ ಅಕ್ಕ ತನ್ನ ಅಣ್ಣನ ಸಂಸಾರದಲ್ಲೇ ಬದುಕಿದವಳು. ಏನು ಕೇಳಿದರೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನನ್ನೇನ್ ಕೇಳೀಯ, ಬುಡವ್ವ" ಅನ್ನುತ್ತಿದ್ದಳು. ಸಾರಿಗೆ ಉಪ್ಪು ಸಾಕಾ ಎಂದರೂ ಅದೇ ಮಾತು.

ಅವಳ ಕಣ್ಣು ಮಂಜಾದಾಗ ಅಣ್ಣ ನಾಗಮಂಗಲದ ಕಣ್ಣಿನ ಕೇಂದ್ರಕ್ಕೆ ಕರೆದೊಯ್ದ. ಜೊತೆಗೆ ನಾನೂ ಹೋಗಿದ್ದೆ. ಅಲ್ಲಿನ ನರ್ಸು ಕಣ್ಣಿನ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಮೈಸೂರಿನ ಡಾಕ್ಟರನ್ನು ಕರೆದಳು.

"ವಿಡಿಯೋದಲ್ಲೇ ನೋಡಿ ಔಷಧಿ ಬರೀಲಾ ಅಮ್ಮ? ನಿಮಗೆ ಒಪ್ಪಿಗೆನಾ?" ಎಂದರು ಡಾಕ್ಟರು.

"ಒಪ್ಗೆ ಸಾ. ಅವ್ಳಿಗೇನ್ ಗೊತ್ತಾಯ್ತದೆ?" ಎಂದ ಅಣ್ಣ.

"ಅವರೇ ಹೇಳಬೇಕು, ರೂಲ್ಸು. ಇಲ್ಲದಿದ್ರೆ ನಾನು ನೋಡೋ ಹಾಗಿಲ್ಲ."

"ಬಾಯ್ಬುಡಮ್ಮಿ, ಕಣ್ಣೋಗ್ಬುಟ್ಟದು!"

ಸೆರಗು ಸುತ್ತುತ್ತಿದ್ದ ಬೆರಳು ನಿಂತಿತು. ಅಕ್ಕ ಪರದೆಯತ್ತ ಬಗ್ಗಿ ಮೆಲ್ಲಗೆ ಅಂದಳು: "ಇನ್ನೊಂದ್ ಸಲ ಕೇಳಿ ಸಾ."