ಬರೀ ನೀರು ಕಟ್ಟಿದ ಮರಗಳು

ತೊಂಬತ್ತರ ದಶಕದ ಕೊನೆಯಲ್ಲಿ ಅರಸೀಕೆರೆ ಕಡೆಯ ತೆಂಗಿಗೆ ನುಸಿ ಬಿತ್ತು. ಕಣ್ಣಿಗೆ ಕಾಣದ ಹುಳು. ಎಳೆಗಾಯಿಯ ತೊಟ್ಟಿನೊಳಗೆ ಸೇರಿಕೊಂಡು ರಸ ಹೀರುತ್ತದೆ. ಕಾಯಿ ಮೈಯೆಲ್ಲ ಕಂದುಗಟ್ಟಿ, ಬಿರುಕುಬಿಟ್ಟು, ಮುಷ್ಟಿಗಾತ್ರಕ್ಕೇ ನಿಂತುಬಿಡುತ್ತದೆ. ಅದಕ್ಕೆ ಔಷಧಿ ಪರೀಕ್ಷಿಸುವ ಯೋಜನೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಎಂ.ಎಸ್ಸಿ. ಮುಗಿಸಿದ್ದೆ, ಇಪ್ಪತ್ತೈದು ವಯಸ್ಸು. ಕೊಟ್ಟಿದ್ದು ಆರು ತಿಂಗಳ ನೇಮಕದ ಆದೇಶ. ಅದು ಮುಗಿದಾಗ ಮುಂದುವರಿಸುವುದು, ಬಿಡುವುದು ಯೋಜನೆಯ ಮುಖ್ಯಸ್ಥರ ಕೈಯಲ್ಲಿತ್ತು. ಎರಡು ಸಲ ಸಹಿ ಹಾಕಿದ್ದರು. ಮೂರನೆಯ ಸಲ ಹಾಕುತ್ತಾರೋ ಇಲ್ಲವೋ ಎಂಬ ಯೋಚನೆಯಲ್ಲಿ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಪ್ರಯೋಗ ನಡೆಯುತ್ತಿದ್ದದ್ದು ಗಂಡಸಿ ಎಂಬ ಊರಿನ ಹತ್ತಿರದ ಒಬ್ಬ ರೈತರ ತೋಟದಲ್ಲಿ. ಮರದ ಒಂದು ಬೇರನ್ನು ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಅದ್ದಿ ಕಟ್ಟಿದರೆ ಮರ ತಾನೇ ಕುಡಿಯುತ್ತದೆ. ಅರ್ಧ ಮರಗಳಿಗೆ ಬಿಳಿ ಬಣ್ಣದ ಪಟ್ಟಿ, ಇನ್ನರ್ಧಕ್ಕೆ ಕೆಂಪು. ಕೆಂಪು ಪಟ್ಟಿಯ ಮರಗಳಿಗೆ ನಾವು ಕಟ್ಟುತ್ತಿದ್ದದ್ದು ಬರೀ ನೀರು. ಹೋಲಿಸಿ ನೋಡಲು ಹಾಗೆ ಮಾಡಲೇಬೇಕು. ಇದನ್ನೆಲ್ಲ ರೈತರಿಗೆ ಬಿಡಿಸಿ ಹೇಳಲು ಹೋಗಬೇಡಿ ಎಂದು ಮುಖ್ಯಸ್ಥರು ಎಚ್ಚರಿಸಿದ್ದರು. ನಾನೂ ಹೇಳಿರಲಿಲ್ಲ.

ತೋಟದ ಯಜಮಾನರು ನಾನು ಹೋದಾಗಲೆಲ್ಲ ಮಜ್ಜಿಗೆ ಕೊಡುತ್ತಿದ್ದರು, ನನ್ನನ್ನು ಸಾರ್ ಎನ್ನುತ್ತಿದ್ದರು. ವರ್ಷ ತುಂಬಿದ ಮೇಲೆ ಒಂದು ಬೆಳಿಗ್ಗೆ ಕಾಯಿ ಕೀಳಿಸಿ ಎರಡು ಸಾಲು ಜೋಡಿಸಿದೆವು. ಬಿಳಿ ಮರದ ಕಾಯಿಗಳು ಗುಂಡಗೆ, ಹಸಿರಾಗಿದ್ದವು. ಕೆಂಪು ಮರದವು ಸುಟ್ಟ ಹಾಗೆ. ಅದು ನನ್ನ ಬದುಕಿನ ಮೊದಲ ಫಲಿತಾಂಶ. ನನಗೆ ಕುಣಿಯುವಷ್ಟು ಸಂತೋಷ. ಈ ಮರಗಳಿಗೆ ಮಾತ್ರ ಔಷಧಿ ಯಾಕೆ ಹತ್ತಲಿಲ್ಲ ಎಂದು ಅವರು ಕೇಳಿದಾಗ, ಆ ಸಂತೋಷದಲ್ಲೇ ಬಾಯಿಬಿಟ್ಟೆ.

"ಅವಕ್ಕೆ ಕಟ್ಟಿದ್ದು ಬರೀ ನೀರು ಯಜಮಾನ್ರೇ. ಹೋಲಿಸಿ ನೋಡೋಕೆ."

ಅವರು ಕೆಂಪು ಮರದ ಒಂದು ಕಾಯಿಯನ್ನು ಕಾಲಿನಿಂದ ಒದ್ದರು.

"ಒಂದು ವರ್ಸ ನಮ್ಮನೆ ಮಜ್ಜಿಗೆ ಕುಡ್ದು, ನನ್ ಮರಕ್ಕೆ ನೀರು ಕಟ್ದೇನ್ಲಾ?"

ಪಕ್ಕದಲ್ಲಿ ಬಿದ್ದಿದ್ದ ಒಣ ತೆಂಗಿನ ಗರಿಯ ದಿಂಡನ್ನು ಅವರು ಎತ್ತಿಕೊಂಡದ್ದು ಕಂಡಿತು. ಹೊಡೆಯುತ್ತಾರೆ ಎಂದು ಮಾತ್ರ ನನಗೆ ಹೊಳೆಯಲಿಲ್ಲ. ಮೊದಲ ಏಟು ಹುಬ್ಬಿನ ಮೇಲೆ ಬಿತ್ತು. ಎರಡನೆಯದಕ್ಕೆ ಎಡಗೈ ಅಡ್ಡ ಹಿಡಿದೆ. ಒಳಗೆ ಏನೋ ಲಟಕ್ಕೆಂದಿತು. ಬಿದ್ದವನ ಬೆನ್ನಿಗೆ, ಪಕ್ಕೆಗೆ, ತೊಡೆಗೆ ಹೊಡೆದರು. ನಾನು ಮಣ್ಣಿಗೆ ಮುಖ ಕೊಟ್ಟು ಮಲಗಿದ್ದೆ. ಬಾಯಲ್ಲಿ ಮಣ್ಣು, ರಕ್ತ. ಅವರ ಹೆಂಡತಿ ಓಡಿಬಂದು ನನ್ನ ಮೇಲೆ ಬಗ್ಗಿ ನಿಂತರು. ಒಂದು ಏಟು ಅವರ ಹೆಗಲಿಗೂ ಬಿತ್ತು. ಆಮೇಲೆ ಯಜಮಾನರು ದಿಂಡನ್ನು ಬಿಸಾಡಿ, ಕೊಡಲಿ ತಂದು ಹತ್ತಿರದ ಕೆಂಪು ಪಟ್ಟಿಯ ಮರವನ್ನು ಕಡಿಯತೊಡಗಿದರು. ಒಂದೊಂದು ಏಟಿಗೂ ನನ್ನ ಮೈ ಬೆಚ್ಚಿಬೀಳುತ್ತಿತ್ತು.

ಅರಸೀಕೆರೆಯ ಆಸ್ಪತ್ರೆಯಲ್ಲಿ ಹುಬ್ಬಿಗೆ ಹೊಲಿಗೆ ಹಾಕಿದರು, ಮುರಿದ ಕೈಗೆ ಪ್ಲಾಸ್ಟರ್ ಕಟ್ಟು. ನೋಡಲು ಬಂದ ಮುಖ್ಯಸ್ಥರು ಬೈಕಿನಿಂದ ಬಿದ್ದೆ ಎಂದು ಬರೆಸಲು ಹೇಳಿದರು. ಬರೆಸಿದೆ. ಮುಂದಿನ ಆದೇಶಕ್ಕೆ ಸಹಿ ಅವರದಾಗಬೇಕಿತ್ತಲ್ಲ.

ಮೂರು ವಾರಗಳ ನಂತರ ಅವರು ನನ್ನನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಆ ತೋಟ ಕೈತಪ್ಪಿದ್ದರಿಂದ, ಅಲ್ಲಿಂದ ಇನ್ನೂ ಬರಬೇಕಿದ್ದ ಎರಡು ತಿಂಗಳ ಅಂಕಿಗಳನ್ನು ಕೂತಲ್ಲೇ ಊಹಿಸಿ ತುಂಬಿಕೊಡಬೇಕೆಂದರು.

"ನಿಮ್ಮ ಬಾಯಿಂದಲೇ ತಾನೇ ಇಷ್ಟೆಲ್ಲ ಆಗಿದ್ದು? ಇದನ್ನಾದರೂ ನೆಟ್ಟಗೆ ಮಾಡಿ" ಎಂದರು.

ಕಟ್ಟು ಹಾಕಿದ್ದ ಕೈಯನ್ನೇ ಎತ್ತಿ ಅವರ ಮುಖಕ್ಕೆ ಬೀಸಿದೆ. ಕನ್ನಡಕ ಒಡೆಯಿತು, ಮೂಗಿನಿಂದ ರಕ್ತ ಸುರಿಯಿತು. ಕಾಲರ್ ಹಿಡಿದು ಇನ್ನೊಂದು ಹೊಡೆದೆ. ಗುಮಾಸ್ತರಿಬ್ಬರು ನನ್ನನ್ನು ಹಿಂದಕ್ಕೆ ಎಳೆದರು. ಮುರಿದ ಮೂಳೆ ಮತ್ತೆ ಜರುಗಿತ್ತು. ಆದರೂ ಆ ಕ್ಷಣ ನನಗೆ ಹಿತವೆನಿಸಿತ್ತು. ಇಂದಿಗೂ ನೆನೆದರೆ ನನ್ನ ಬಗ್ಗೆ ನನಗೇ ಭಯವಾಗುವುದು ಆ ಹಿತದಿಂದಾಗಿಯೇ. ಅವರು ಪೊಲೀಸರಿಗೆ ದೂರು ಕೊಡಲಿಲ್ಲ. ಆದೇಶ ಮಾತ್ರ ಮುಂದುವರಿಯಲಿಲ್ಲ.

ಬೇಲೂರಿನ ನಮ್ಮ ಮನೆಗೆ ಬಂದೆ. ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಯಾರಾದರೂ ಸೌದೆ ಒಡೆದರೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಗೋಡೆಗೆ ಗುದ್ದಿ ಬೆರಳ ಗೆಣ್ಣು ಒಡೆದುಕೊಂಡೆ. ಒಂದು ದಿನ ಅಕ್ಕ ಊಟಕ್ಕೆ ಎಬ್ಬಿಸಲು ಭುಜ ಮುಟ್ಟಿದಳು. ಅವಳ ಕೆನ್ನೆಗೆ ಬಾರಿಸಿಬಿಟ್ಟೆ. ಅವಳು ಅಳಲಿಲ್ಲ.

"ಇದು ನೀನಲ್ಲ ಕಣೋ. ನಾಳೆ ಹಾಸನಕ್ಕೆ ಹೋಗಣ, ಡಾಕ್ಟರ್ ಹತ್ರ."

ಹಾಸನದ ಮನೋವೈದ್ಯರು ನಿದ್ದೆ ಕೆಟ್ಟದ್ದು ಯಾವಾಗಿನಿಂದ ಎಂದು ಕೇಳಿದರು. ಏಟು ಬಿದ್ದಾಗಿನಿಂದ ಎನ್ನಲು ಹೊರಟವನು ತಡೆದುಕೊಂಡೆ. ಲೆಕ್ಕ ಹಾಕಿದರೆ ಅದು ಮೊದಲ ಆರು ತಿಂಗಳ ಆದೇಶ ಮುಗಿಯುತ್ತ ಬಂದಾಗಿನಿಂದ. ತೋಟದಲ್ಲಿ ಬಿದ್ದ ಏಟಿಗಿಂತ ಬಹಳ ಮುಂಚೆಯೇ ನಾನು ಏಟು ತಿಂದವನಂತೆ ಬದುಕುತ್ತಿದ್ದೆ. ಮಾತ್ರೆ ತೆಗೆದುಕೊಂಡೆ. ತಿಂಗಳಿಗೊಮ್ಮೆ ಹೋಗಿ ಮಾತಾಡಿ ಬರುತ್ತಿದ್ದೆ. ಒಂದೂವರೆ ವರ್ಷ ಹಿಡಿಯಿತು. ಆ ನಡುವೆ ಬೇಲೂರಿನ ಟ್ಯುಟೋರಿಯಲ್ ಒಂದರಲ್ಲಿ ಜೀವಶಾಸ್ತ್ರ ಹೇಳಿಕೊಟ್ಟೆ.

ಸುಧಾರಿಸಿದ ಮೇಲೆ ಗಂಡಸಿಗೆ ಹೋಗಿ ಬಂದೆ. ಯಜಮಾನರು ಜಗಲಿಯಲ್ಲಿ ಚಾಪೆ ಹಾಕಿಸಿದರು. ಕೂತ ಮೇಲೆ ಅವರೇ ಹೇಳಿದರು.

"ನಾನು ಹೊಡ್ದಿದ್ದು ತಪ್ಪೇಯ. ನೀವು ನೀರು ಕಟ್ಟಿದ್ದೂ ತಪ್ಪೇಯ. ಎಲ್ಡೂ ಹಂಗೇ ಇರ್ಲಿ ಬುಡಿ."

ಕೆಲವು ವರ್ಷಗಳ ನಂತರ ಇನ್ನೊಂದು ಯೋಜನೆಯಲ್ಲಿ ನನಗೆ ಮತ್ತೆ ಕೆಲಸ ಸಿಕ್ಕಿತು, ಅದೂ ವರ್ಷದ ಕರಾರಿನದೇ. ಪ್ರಯೋಗಕ್ಕೆ ಹಳೇಬೀಡಿನ ಬಳಿ ತೋಟ ಬೇಕಿತ್ತು. ಕೆರೆಯ ಕೆಳಗಿನ ಒಬ್ಬ ರೈತರ ಹತ್ತಿರ ಹೋಗಿ, ಅರ್ಧ ಮರಗಳಿಗೆ ಬರೀ ನೀರು ಕಟ್ಟುತ್ತೇವೆ, ಯಾವ ಮರ ಎಂಬುದನ್ನೂ ತೋರಿಸುತ್ತೇವೆ ಎಂದು ಮೊದಲೇ ಹೇಳಿದೆ. ಅವರು ಸಿಟ್ಟಿನಿಂದ ಕೈ ಎತ್ತಿ ಗೇಟಿನ ಕಡೆ ತೋರಿಸಿದರು. ಏಟು ಬಿತ್ತೆಂದುಕೊಂಡು ನಾನು ಎಡಗೈ ಅಡ್ಡ ಹಿಡಿದು ಬದುವಿನ ಮೇಲೆ ಕೂತುಬಿಟ್ಟೆ. ಕೂತಲ್ಲಿಂದಲೇ ಯಾಕೆ ಹಾಗೆ ಕಟ್ಟಬೇಕೆಂದು ಪೂರ್ತಿ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ತೋಟ ಕೊಡಲಿಲ್ಲ. ನಾನು ಎದ್ದು ಪಕ್ಕದ ತೋಟಕ್ಕೆ ಹೋದೆ.